ಡೆಕ್ಕಿನ ಕತ್ತಲ ಮೂಲೆ ತೋರಿಸಿದವರಿಗೆ

ಕಳೆದ ಮಾರ್ಚ್ ನಡುವಿನಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಟಿದ್ದ ವಿಹಾರ ನೌಕೆಯಲ್ಲಿ, ಕಣ್ಣು ಕುಕ್ಕುವ ದೀಪಗಳ ನಡುವೆ ನಕ್ಷತ್ರ ಹುಡುಕಿ ಸೋತಿದ್ದ ನನ್ನನ್ನೂ ತಂದೆಯವರನ್ನೂ ಡೆಕ್ಕಿನ ಹಿಂಬದಿಯ ಕತ್ತಲ ಮೂಲೆಗೆ ಕರೆದೊಯ್ದು, ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ತಮ್ಮ ಟಾರ್ಚಿಗೆ ಕೆಂಪು ಕಾಗದ ಸುತ್ತಿ, 20 ನಿಮಿಷ ಮೊಬೈಲ್ ಮುಟ್ಟಬೇಡಿರೆಂದು ತಾಕೀತು ಮಾಡಿದ ಸಿಬ್ಬಂದಿಯವರಿಗೆ ಹೃತ್ಪೂರ್ವಕ ವಂದನೆಗಳು. ಅವರ ಹೆಸರು ಕೇಳುವುದನ್ನೇ ಮರೆತೆವು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿಯೆಂದೂ, ದಿಗಂತದಿಂದ ಒಂದೇ ಮುಷ್ಟಿ ಮೇಲಿದ್ದ ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ನಾವಿದ್ದ ಅಕ್ಷಾಂಶವೆಂದೂ ಅವರು ವಿವರಿಸಿದಾಗ, ತಂದೆಯವರು ನಂಬದೆ ಮೂರು ಬಾರಿ ಅಳೆದು ನೋಡಿದರು. ನೈಋತ್ಯಕ್ಕೆ ವಾಲುತ್ತಿದ್ದ ಅಗಸ್ತ್ಯ ನಕ್ಷತ್ರ ತಂದೆಯವರಿಗೆ ಊರಿನಿಂದಲೇ ಪರಿಚಿತ. ಆದರೆ ಕಟ್ಟಡಗಳ ಮರೆಯಲ್ಲಿ ಎಂದೂ ಸಿಗದ, ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ, ರಾತ್ರಿ ಹತ್ತರ ಹೊತ್ತಿಗೆ ದಕ್ಷಿಣದ ಅಲೆಗಳ ಮೇಲೆ ಓರೆಯಾಗಿ ಕಾಣಿಸಿಕೊಂಡಾಗ, 72ರ ಆ ಜೀವ ಕಂಬಿ ಹಿಡಿದು ಅಲುಗದೆ ನಿಂತಿತ್ತು. ಪಾಳಿ ಮುಗಿದಿದ್ದರೂ ಆ ಪುಣ್ಯಾತ್ಮರು ಅವರ ಮೊಣಕೈ ಬಿಡಲಿಲ್ಲ.