ಶನಿವಾರ ಸಂಜೆ ಹಿರಿಯರ ಜೊತೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಎರಡನೇ ಮಹಡಿಯ ಅಜ್ಜಿಗೆ ಕೊತ್ತಂಬರಿ ಸೊಪ್ಪು ಕೊಡಲು ಹೋಗಿದ್ದೆ. ಟಿವಿ ಜೋರಾಗಿತ್ತು, ಆದರೆ ಅವರು ನೋಡುತ್ತಿರಲಿಲ್ಲ, ಮನೆಯಲ್ಲಿ ಮಾತಿನ ಸದ್ದು ಇರಲಿ ಅಂತ ಸುಮ್ನೆ ಹಾಕಿಕೊಳ್ಳುತ್ತಾರಂತೆ. ಕರುಳು ಚುರುಕ್ ಅಂದಿತು. ಮಗ ದಿನಾ ವಿಡಿಯೋ ಕಾಲ್ ಮಾಡುತ್ತಾನೆ, ಆದರೂ ಎದುರು ಕೂತು ಕಾಫಿ ಕುಡಿಯುವವರು ಬೇಕಲ್ವಾ?

ಇನ್ನು ಪ್ರತಿ ಶನಿವಾರ ಸಂಜೆ 5ಕ್ಕೆ ಕೆಳಗಿನ ಕಟ್ಟೆ ಹತ್ತಿರ ಸೇರೋಣ. ಚೌಕಾಬಾರದ ಮಣೆ ನಾನು ತರುತ್ತೇನೆ. ಬರೀ ಮೆಸೇಜ್ ಹಾಕಿದರೆ ಹಿರಿಯರು ಬರುವುದಿಲ್ಲ, ಮನೆಗೆ ಹೋಗಿ ಕರೆದುಕೊಂಡು ಬನ್ನಿ. ಮಕ್ಕಳಿಗೆ ಆಟ ಕಲಿಸುವ ಕೆಲಸ ಅವರಿಗೇ ಒಪ್ಪಿಸಿ. ಕಿವಿ ಮಂದವಾದವರು ತಾವೇ ದೂರ ಸರಿದುಬಿಡುತ್ತಾರೆ, ಅವರ ಪಕ್ಕದಲ್ಲೇ ಕೂತು ಮಾತಾಡಿ.

ಸರ್ಕಾರದ ಹಿರಿಯರ ಸಹಾಯವಾಣಿ 14567, ಉಚಿತ. ದೊಡ್ಡ ಅಕ್ಷರದಲ್ಲಿ ಬರೆದು ಅವರ ಫೋನಿನ ಹತ್ತಿರ ಅಂಟಿಸಿ.