ಗಾಯ ಆಗಿ ಬರೋ ಮಕ್ಕಳಿಗೆ ನಶೆ ಬಗ್ಗೆ ಕೇಳೋ ವ್ಯವಸ್ಥೆ ಮಾಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ನಾನು ಸರ್ಕಾರಿ ಆಸ್ಪತ್ರೆಯ ಆರ್ಥೋ ವಾರ್ಡಲ್ಲಿ, ಅಂದ್ರೆ ಮೂಳೆ ವಿಭಾಗದಲ್ಲಿ, ಕೆಲಸ ಮಾಡಿ ರಿಟೈರ್ ಆದ ಸ್ಟಾಫ್ ನರ್ಸ್. ಬೈಕಿಂದ ಬಿದ್ದು, ಹೊಡೆದಾಟದಲ್ಲಿ ಏಟು ತಿಂದು ಬರೋ 15-17 ವಯಸ್ಸಿನ ಹುಡುಗರನ್ನ ತುಂಬಾ ನೋಡಿದೀನಿ ಸಾರ್. ಎಕ್ಸ್-ರೇ ಆಗತ್ತೆ, ಟಿಟಿ ಕೊಡ್ತೀವಿ, ರಾಡ್ ಹಾಕ್ತಾರೆ, ಡಿಸ್ಚಾರ್ಜ್ ಮಾಡ್ತೀವಿ. ಆದ್ರೆ ಕುಡಿತೀಯೇನಪ್ಪಾ, ಗಾಂಜಾ ಸೇದ್ತೀಯಾ, ಪಂಕ್ಚರ್ ಹಾಕೋ ಸಲ್ಯೂಷನ್ ಮೂಸ್ತೀಯಾ ಅಂತ ಅವನನ್ನ ಒಬ್ಬನೇ ಇದ್ದಾಗ ಸಮಾಧಾನವಾಗಿ ಕೇಳೋದು ಮಾತ್ರ ಯಾರ ಡ್ಯೂಟಿಯಲ್ಲೂ ಇರಲ್ಲ.

ಕ್ಯಾಜುವಾಲ್ಟಿಲಿ ಒಂದ್ಸಲ ಕೇಳ್ತಾರೆ, ನಿಜ. ಆದ್ರೆ ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿರ್ತಾರೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸ್) ಅಂತ ಪೊಲೀಸರೂ ಬಂದಿರ್ತಾರೆ, ಆಗ ಯಾವ ಹುಡುಗ ಹೌದು ಅಂತಾನೆ ಹೇಳಿ. ಮನೆಯವರು ಕೇಸ್ ಆಗತ್ತೆ ಅಂತ ಹೆದರ್ತಾರೆ, ಇನ್ಶೂರೆನ್ಸ್ ಇರೋರು ಕ್ಲೇಮ್ ಹೋಗತ್ತೆ ಅಂತ ಹೆದರ್ತಾರೆ, ಆ ಹೆದರಿಕೆ ಸುಮ್ನೆ ಅಲ್ಲ, ಚಟ ಮತ್ತು ಅದರ ಪರಿಣಾಮಕ್ಕೆ ಕವರ್ ಇಲ್ಲ ಅನ್ನೋ ಷರತ್ತು ಪಾಲಿಸಿಗಳಲ್ಲಿ ಇರತ್ತೆ. ಡಾಕ್ಟರೂ ಯಾಕೆ ಬೇಕು ರಗಳೆ ಅಂತ ಕೇಸ್ ಶೀಟಲ್ಲಿ ಬರೆಯಲ್ಲ.

ಇದರಿಂದ ಚಿಕಿತ್ಸೆಗೇ ಪೆಟ್ಟು ಸಾರ್. ದಿನಾ ಕುಡಿಯೋ ಹುಡುಗ ಅಡ್ಮಿಟ್ ಆದ ಎರಡು ಮೂರನೇ ದಿನ ಕುಡಿತ ನಿಂತಿದ್ದಕ್ಕೆ ನಡುಗ್ತಾನೆ, ಏನೇನೋ ಮಾತಾಡ್ತಾನೆ, ತಲೆ ಏಟಿಂದ ಇರಬೇಕು ಅನ್ಕೋತೀವಿ. ಅನಸ್ತೇಷಿಯಾ ಕೊಡೋರಿಗೂ ಇದು ಗೊತ್ತಿರಲೇಬೇಕಾದ ವಿಷಯ. ಎಲ್ಲಕ್ಕಿಂತ ಸಂಕಟ ಅಂದ್ರೆ ಏನೂ ಕೇಳದೆ ಟ್ರಮಡಾಲ್ ಥರದ, ಚಟ ಹಿಡಿಸಬಲ್ಲ ನೋವಿನ ಮಾತ್ರೆ ಕೈಗೆ ಕೊಟ್ಟು ಕಳಿಸ್ತೀವಲ್ಲ, ಅದು.

ಯೂರಿನ್ ಟೆಸ್ಟ್ ಮಾಡ್ಸಿದ್ರೆ ಆಯ್ತಲ್ಲ ಅಂತಾರೆ. ಮಾಮೂಲಿ ಯೂರಿನ್ ಕಿಟ್‌ನಲ್ಲಿ ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸಿದ್ದು ಗೊತ್ತಾಗಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಏಮ್ಸ್ ಕೈಲಿ ಮಾಡಿಸಿದ ಸರ್ವೆ ರಿಪೋರ್ಟ್ ಬಂತು, ದೊಡ್ಡೋರಿಗಿಂತ ಮಕ್ಕಳಲ್ಲೇ ಜಾಸ್ತಿ ಇರೋ ನಶೆ ಅಂದ್ರೆ ಈ ಮೂಸೋದೊಂದೇ, ಮಕ್ಕಳಲ್ಲಿ ಶೇ 1.17, ದೊಡ್ಡೋರಲ್ಲಿ ಶೇ 0.58. ಹಾಗಾಗಿ ಬಾಯಿ ಬಿಟ್ಟು ಕೇಳಲೇಬೇಕು. ಕೇಳೋಕೆ ಕ್ರಾಫ್ಟ್ (CRAFFT) ಅನ್ನೋ ಚಿಕ್ಕ ಪ್ರಶ್ನಾವಳಿ ಇದೆ, 12ರಿಂದ 21 ವರ್ಷದವರಿಗೆ ಅಂತಲೇ ಮಾಡಿದ್ದು, ನಶೆಲಿ ಇರೋರು ಓಡಿಸೋ ಗಾಡಿ ಹತ್ತಿದೀಯಾ ಅನ್ನೋದೂ ಅದರಲ್ಲಿದೆ. ಬಿದ್ದು ಬಂದ ಹುಡುಗನಿಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಯಾವುದು?

ಅಮೆರಿಕದಲ್ಲಿ ದೊಡ್ಡ ಟ್ರಾಮಾ ಸೆಂಟರ್ (ಗಾಯಾಳುಗಳ ಚಿಕಿತ್ಸಾ ಕೇಂದ್ರ) ಅನ್ನೋ ಮಾನ್ಯತೆ ಬೇಕಂದ್ರೆ ಗಾಯಾಳುಗಳಿಗೆ ಕುಡಿತದ ಬಗ್ಗೆ ಸ್ಕ್ರೀನಿಂಗ್ ಮಾಡಲೇಬೇಕು. ಅಲ್ಲಿನ ಸಿಯಾಟಲ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾಯಾಳುಗಳ ಜೊತೆ ಅರ್ಧ ಗಂಟೆ ಕೂತು ಮಾತಾಡಿದ್ದಕ್ಕೇ ಒಂದು ವರ್ಷ ಆದ್ಮೇಲೂ ಕುಡಿತ ಕಮ್ಮಿ ಇತ್ತು. ಅವರು ವಯಸ್ಕರು, ಆದ್ರೂ ನೋವಲ್ಲಿ ಮಲಗಿದ್ದಾಗ ಮನುಷ್ಯ ಮಾತು ಕೇಳ್ತಾನೆ ಅನ್ನೋದು ವಾರ್ಡಲ್ಲಿ ಇದ್ದ ನಮಗೆಲ್ಲ ಗೊತ್ತು.

ನಮ್ಮಲ್ಲೂ ಜನ ಇದ್ದಾರೆ ಸಾರ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಟೀಮ್ ಇದೆ, ಟೆಲಿ ಮನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಆರ್ಥೋ ವಾರ್ಡಿಂದ ಅಲ್ಲಿಗೆ ದಾರಿ ಇಲ್ಲ, ಅಷ್ಟೇ. ಆಪರೇಷನ್ ಆಗಿ ಹುಡುಗ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮನೆಯವರನ್ನ ಹತ್ತು ನಿಮಿಷ ಹೊರಗೆ ಕೂರಿಸಿ, ಟ್ರೈನಿಂಗ್ ಆದ ನರ್ಸ್ ಅಥವಾ ಕೌನ್ಸೆಲರ್ ಕೇಳಲಿ. ಉತ್ತರ ಎಂಎಲ್‌ಸಿ ಪುಸ್ತಕಕ್ಕೆ ಹೋಗಬಾರದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆ ಹಕ್ಕು ಕೊಟ್ಟಿದೆ, ನಶೆಯಿಂದ ಬರೋ ಕಾಯಿಲೆಗೂ ಅದು ಅನ್ವಯಿಸತ್ತೆ. ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ನಶೆ ಪದಾರ್ಥ ಕೊಟ್ಟೋನಿಗೆ 7 ವರ್ಷದವರೆಗೆ ಜೈಲು. ಹಿಡಿಯೋದಾದ್ರೆ ಅವನನ್ನ ಹಿಡೀರಿ, ಬೆಡ್ ಮೇಲಿರೋ ಮಗೂನಲ್ಲ.

ನನ್ನ ಕೋರಿಕೆ ಒಂದು ಸುತ್ತೋಲೆ. ಯಾರು ಕೇಳಬೇಕು, ಎಲ್ಲಿ ಬರೆಯಬೇಕು, ಪೊಲೀಸರಿಗೆ ಯಾವುದು ಹೋಗಬಾರದು, ಡಿಸ್ಚಾರ್ಜ್ ಆಗೋ ಮುಂಚೆ ಯಾರ ಹತ್ರ ಕಳಿಸಬೇಕು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಎಲ್ಲಾ ಕಡೆ ಒಟ್ಟಿಗೆ ಆಗಲ್ಲ ಅಂದ್ರೆ ಎರಡು ಜಿಲ್ಲಾಸ್ಪತ್ರೆಯಲ್ಲಿ ಈ ವರ್ಷವೇ ಶುರು ಮಾಡಿ.

ಇಂತಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್