ಅಪ್ಪನ ವಿಷಯ ಮೊದಲೇ ಹೇಳಬೇಕಿತ್ತು

ಟೋಕಿಯೊ, ಏಪ್ರಿಲ್ 21

ಪ್ರೀತಿಯ ಅಮ್ಮ,

ನಾನು ಕ್ಷೇಮ. ಪುಟ್ಟಿ ಬರೆದದ್ದನ್ನು ನಿನ್ನೆ ಓದಿದೆ. ಅಪ್ಪನಿಗೆ ಎದೆನೋವು ಬಂದು ಎರಡು ವಾರ ಆಯಿತಂತೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಂಜಿಯೋಗ್ರಾಂ ಮಾಡಿಸಿದಿರಂತೆ, ಸ್ಟೆಂಟ್ ಹಾಕಬೇಕು ಅಂದರಂತೆ. ಫೋನಿನಲ್ಲಿ ನೀನು ಅಡಿಕೆ ರೇಟು ಹೇಳಿದೆ, ಕೊಟ್ಟಿಗೆಯ ಹೆಂಚು ಒಡೆದದ್ದು ಹೇಳಿದೆ. ಇದೊಂದನ್ನು ಮಾತ್ರ ಹೇಳಲಿಲ್ಲ. "ಹೊಸ ಕೆಲಸ, ಸುಮ್ನೆ ಅವಳ ತಲೆ ಕೆಡಿಸಬೇಡಿ" ಅಂತ ಅಪ್ಪನೇ ಅಂದರಂತೆ.

ಇಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠವೇ ಇದು ಅಮ್ಮ. ಹೋ-ರೆನ್-ಸೋ ಅನ್ನುತ್ತಾರೆ. ಆದದ್ದನ್ನು ಹೇಳು, ತಿಳಿಯಬೇಕಾದವರಿಗೆ ತಿಳಿಸು, ಒಬ್ಬಳೇ ತೀರ್ಮಾನ ಮಾಡದೆ ಕೇಳು. ಈ ಮೂರು ಮಾತುಗಳ ಮೊದಲ ತುಣುಕು ಸೇರಿಸಿದ ಹೆಸರು. ಪಾಲಕ್ ಸೊಪ್ಪಿಗೂ ಅವರು ಹಾಗೇ ಅನ್ನುವುದರಿಂದ ಯಾರೂ ಮರೆಯುವುದಿಲ್ಲ. ಕೆಟ್ಟ ಸುದ್ದಿಯಾದರೆ ಎಲ್ಲಕ್ಕಿಂತ ಮೊದಲು ಹೇಳಬೇಕು.

ಕಂಪನಿಯಲ್ಲಿ ಹೊಸಬರಿಗೆ ಮಾಡಿಸುವುದೆಲ್ಲ ರ‍್ಯಾಗಿಂಗ್ ಅಲ್ವಾ ಅಂತ ಪುಟ್ಟಿ ಕೇಳಿದ್ದಾಳೆ. ಖಂಡಿತ ಅಲ್ಲ. ಏಪ್ರಿಲ್ 1ರಂದು ಹೊಸಬರೆಲ್ಲ ಒಟ್ಟಿಗೆ ಸೇರಿದೆವು, ದೊಡ್ಡ ಸಮಾರಂಭ, ಎಲ್ಲರಿಗೂ ಕಪ್ಪು ಸೂಟು. ಆಮೇಲೆ ಬಗ್ಗಿ ನಮಸ್ಕರಿಸುವ ಅಭ್ಯಾಸ. ದಾರಿಯಲ್ಲಿ ಸಿಕ್ಕವರಿಗೆ 15 ಡಿಗ್ರಿ, ಗ್ರಾಹಕರಿಗೆ 30, ಕ್ಷಮೆ ಕೇಳುವಾಗ 45. ವಿಸಿಟಿಂಗ್ ಕಾರ್ಡನ್ನು ಅಜ್ಜಿ ಪ್ರಸಾದ ತಗೊಳ್ಳುವ ಹಾಗೆ ಎರಡೂ ಕೈಯಲ್ಲಿ ತಗೋಬೇಕು. ನನಗೆ ಕೆಲಸ ಕಲಿಸಲು ಒಬ್ಬ ಹಿರಿಯರಿದ್ದಾರೆ, ಸೆಂಪೈ ಅನ್ನುತ್ತೇವೆ, ಅಕ್ಕನ ಹಾಗೆ ನೋಡಿಕೊಳ್ಳುತ್ತಾರೆ. ಸ್ವಾಗತದ ಪಾರ್ಟಿಯಲ್ಲಿ ಎಲ್ಲರಿಗೂ ಬಿಯರ್ ಬಗ್ಗಿಸಿಕೊಟ್ಟೆ. ನಾನು ಕುಡಿದದ್ದು ಊಲಾಂಗ್ ಚಹಾ, ಹೆದರಬೇಡ, ಯಾರೂ ಬಲವಂತ ಮಾಡಲಿಲ್ಲ. ಇಲ್ಲಿ ತಮ್ಮ ಲೋಟ ತಾವೇ ತುಂಬಿಕೊಳ್ಳುವುದಿಲ್ಲ. ಪಕ್ಕದವರು ನೋಡಿ ತುಂಬುತ್ತಾರೆ. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಎಲೆ ನೋಡಿಕೊಂಡು ಬರುತ್ತಾರಲ್ಲ, ಹಾಗೆ. ಅದು ನನಗೆ ತುಂಬ ಹಿಡಿಸಿತು.

ಈಗ ರಜೆ ವಿಷಯ. ಇಲ್ಲಿನ ಕಾನೂನಿನಲ್ಲಿ ಆರು ತಿಂಗಳು ಕೆಲಸ ಮಾಡಿದ ಮೇಲೆ 10 ದಿನ ಸಂಬಳದ ರಜೆ. ಅಂದರೆ ನನಗೆ ಅಕ್ಟೋಬರಿಗೆ. ಪುಟ್ಟಿ ಬರೆದದ್ದನ್ನು ಸೆಂಪೈಗೆ ಹೇಳುವಾಗ ಅಳು ಬಂದುಬಿಟ್ಟಿತು. ಅವರೇ ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದರು. ಸಂಬಳ ಇಲ್ಲದೆ ಒಂದು ವಾರ ಹೋಗಿ ಬಾ, ತಾರೀಖು ಹೇಳು ಅಂತ ಮ್ಯಾನೇಜರ್ ಅಂದರು. ಸ್ಟೆಂಟ್ ಹಾಕುವುದು ಯಾವತ್ತು ಅಂತ ನೀನೇ ಹೇಳಬೇಕು.

25ಕ್ಕೆ ಮೊದಲ ಸಂಬಳ ಬರುತ್ತದೆ. ಮೊದಲ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಏನಾದರೂ ಕೊಡುವ ರೂಢಿ ಇಲ್ಲೂ ಇದೆ. ನನ್ನದು ಆಸ್ಪತ್ರೆಗೆ. ಒಳ್ಳೆ ರೇಟು ಬರುವ ತನಕ ಅಡಿಕೆ ಮಾರಬೇಡಿ, ಸಾಲವನ್ನಂತೂ ಕೇಳಲೇಬೇಡಿ.

ನನ್ನ ಚಿಂತೆ ಬೇಡ. ಚೆನ್ನಾಗಿ ಉಣ್ಣುತ್ತಿದ್ದೇನೆ, ಚೆನ್ನಾಗಿ ನಿದ್ದೆ ಬರುತ್ತಿದೆ, ಚಳಿಯೂ ಜಾಸ್ತಿ ಇಲ್ಲ. ಅಪ್ಪನಿಗೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಅಮ್ಮ. ತೋಟಕ್ಕೆ ಮಾತ್ರ ಕಳಿಸಬೇಡ, ಬೀಡಿ ಕಂಡರೆ ಕಿತ್ತು ಬಿಸಾಕು.

ರೈಲಿಗೆ ಹೊತ್ತಾಯಿತು. ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡು, ರಾತ್ರಿಯಾದರೂ ಸರಿ.

ನಿನ್ನ ಮಗಳು